ಬ್ಯಾಕ್ಟೀರಿಯಾದ ಚಾರ್ಜ್ ಅಳೆಯುವಾಗ ಝೀರೋ ನಿಲ್ಲದಿದ್ದರೆ

ಮೈಸೂರಿನ ನಮ್ಮ ಲ್ಯಾಬಿನಲ್ಲಿ ಗಾಳಿಯಲ್ಲಿ ತೇಲುವ ಬ್ಯಾಸಿಲಸ್ ಸಬ್ಟಿಲಿಸ್ ಬ್ಯಾಕ್ಟೀರಿಯಾದ ಚಾರ್ಜನ್ನು ಫ್ಯಾರಡೆ ಕಪ್ಪಿನಲ್ಲಿ (ಕಣಗಳ ಚಾರ್ಜ್ ಹಿಡಿಯುವ ಲೋಹದ ಕಪ್ಪು) ಅಳೆಯುತ್ತೇವೆ. ಬ್ಯಾಕ್ಟೀರಿಯಾವನ್ನು ಗಾಳಿಗೆ ಸಿಂಪಡಿಸುವ ನೆಬ್ಯುಲೈಸರ್ ಆಫ್ ಇದ್ದರೂ, ಝೀರೋ ತೋರಿಸಬೇಕಾದ ಎಲೆಕ್ಟ್ರೋಮೀಟರ್ (ಅತಿ ಸಣ್ಣ ಕರೆಂಟ್ ಅಳೆಯುವ ಮೀಟರ್) 200 ಫೆಮ್ಟೋಆಂಪಿಯರ್ ತೋರಿಸುತ್ತಿತ್ತು (1 ಫೆಮ್ಟೋ ಅಂದರೆ ಸಾವಿರ ಲಕ್ಷ ಕೋಟಿಯಲ್ಲಿ ಒಂದು ಭಾಗ). ಮಳೆ ಬಂದ ದಿನ ಇನ್ನೂ ಜಾಸ್ತಿ. ನಮಗೆ ಬೇಕಾದ ಸಿಗ್ನಲ್ಲೇ ಸುಮಾರು 27 ಫೆಮ್ಟೋ (ನಿಮಿಷಕ್ಕೆ 1 ಲೀಟರ್ ಗಾಳಿ, ಸಿಸಿಗೆ 1000 ಕಣ, ಕಣಕ್ಕೆ 10 ಎಲೆಕ್ಟ್ರಾನಿನಷ್ಟು ಚಾರ್ಜ್ ಲೆಕ್ಕದಲ್ಲಿ).

ಅರ್ಥಿಂಗ್ ಬದಲಿಸಿದೆ, ಕೇಬಲ್ ಬದಲಿಸಿದೆ. ಸುಮ್ನೆ ದುಡ್ಡು ದಂಡ.

ತೊಂದರೆ ಇದ್ದದ್ದು ಕಪ್ಪಿನ ಕೆಳಗೆ ಕರೆಂಟ್ ಸೋರದಂತೆ ಇಟ್ಟ ಟೆಫ್ಲಾನ್ ಬಿಲ್ಲೆಯಲ್ಲಿ. ಬೆಳಕಿಗೆ ಹಿಡಿದರೆ ಬೆರಳಿನ ಗುರುತು, ಒಣಗಿದ ಉಪ್ಪಿನ ಕಲೆ; ಅದು ತೇವ ಹೀರಿದರೆ ಅದರ ಮೇಲೆಯೇ ಕರೆಂಟ್ ಸೋರುತ್ತದೆ. ಬರಿಗೈಯಲ್ಲಿ ಮುಟ್ಟಿದ್ದು ನಾನೇ. ಗ್ಲೌಸ್ ಹಾಕಿ, ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, 50 ಡಿಗ್ರಿಯಲ್ಲಿ 2 ಗಂಟೆ ಒಣಗಿಸಿದೆ. ಒರೆಸಿದ ಟೆಫ್ಲಾನಿನಲ್ಲೇ ಚಾರ್ಜ್ ಕೂತಿರುತ್ತದೆ, ಹಾಗಾಗಿ ಜೋಡಿಸಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಮೊದಲು ಮೀಟರ್ 1 ಗಂಟೆ ಆನ್, ನಂತರ ಹೆಪಾ ಫಿಲ್ಟರಿನಲ್ಲಿ ಕಣ ಸೋಸಿದ ಗಾಳಿ 10 ನಿಮಿಷ, ಆಮೇಲೆ ಮೀಟರ್ ಝೀರೋ ಮಾಡುವುದು, ಕೊನೆಗೆ ನೆಬ್ಯುಲೈಸರ್. ಝೀರೋ ಈಗ 2 ಫೆಮ್ಟೋ ಒಳಗೇ ನಿಲ್ಲುತ್ತದೆ.