ತೊಗರಿ ದರ ತರುವ ಬ್ರೌಸರ್ ಟೂಲ್: ಎಐ ಏಜೆಂಟ್‌ಗೆ ವಿವರ ಬರೆಯುವುದು ಹೇಗೆ?

ಕಲಬುರಗಿಯ ನೆಹರು ಗಂಜ್‌ನ ಅಡತಿ ಅಂಗಡಿಗೋ, ಊರಿನ ಯಾವುದೋ ದಾಲ್ ಮಿಲ್‌ಗೋ ಒಂದು ಪುಟ್ಟ ಬ್ರೌಸರ್ ಟೂಲ್ ಮಾಡಿಕೊಡುತ್ತಿದ್ದೀರಿ ಅಂದುಕೊಳ್ಳಿ. ದರದ ಜಾಲತಾಣ ತೆರೆಯಬೇಕು, ಮಾರುಕಟ್ಟೆ ಆರಿಸಬೇಕು, ಆ ದಿನದ ತೊಗರಿ ಆವಕ ಮತ್ತು ದರ ತರಬೇಕು. ಪ್ಲೇರೈಟ್‌ನಲ್ಲೋ ಸೆಲೆನಿಯಂನಲ್ಲೋ (ಎರಡೂ ಬ್ರೌಸರನ್ನು ಕೋಡ್ ಮೂಲಕ ಓಡಿಸುವ ಸಾಧನಗಳು) ಕೋಡ್ ಬರೆದಾಯಿತು, ನೀವು ಓಡಿಸಿದರೆ ಸರಿಯಾಗಿಯೇ ಓಡುತ್ತದೆ. ಅದನ್ನೇ ಎಐ ಏಜೆಂಟ್ ಕೈಗೆ, ಅಂದರೆ ಹೇಳಿದ ಕೆಲಸಕ್ಕೆ ಟೂಲ್ ಆರಿಸಿ ತಾನೇ ಓಡಿಸುವ ಎಐ ಕೈಗೆ ಕೊಟ್ಟರೆ ನಿನ್ನೆಯ ದರವನ್ನು ಇವತ್ತಿನದು ಅಂತ ತಂದಿಡುತ್ತದೆ. ಬಹಳ ಸಲ ತೊಂದರೆ ಇರುವುದು ಟೂಲ್ ಬಗ್ಗೆ ನೀವು ಅವಸರದಲ್ಲಿ ಬರೆದ ಎರಡು ಸಾಲಿನ ವಿವರದಲ್ಲಿ.

ಏಜೆಂಟ್‌ಗೆ ಸಾಮಾನ್ಯವಾಗಿ ನಿಮ್ಮ ಕೋಡ್ ಕಾಣುವುದಿಲ್ಲ. 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಹೊರತಂದ, ಎಐಗೆ ಹೊರಗಿನ ಟೂಲ್ ಜೋಡಿಸುವ ಎಂಸಿಪಿ ಪದ್ಧತಿಯನ್ನೇ ತೆಗೆದುಕೊಳ್ಳಿ. ಅದರಲ್ಲಿ ಏಜೆಂಟ್ ಓದುವುದು ಮುಖ್ಯವಾಗಿ ಟೂಲ್‌ನ ಹೆಸರು, ವಿವರ, ಏನೇನು ಕೊಡಬೇಕು ಎನ್ನುವ ಪಟ್ಟಿ, ಇಷ್ಟೇ. ಅಂಗಡಿಗೆ ಹೊಸದಾಗಿ ಬಂದ ಹುಡುಗನಾದರೆ "ಸಾವಕಾರ್ರ, ಯಾವ ರೇಟ್ ಬರೀಲ್ರಿ?" ಅಂತ ಕೇಳುತ್ತಾನೆ. ಏಜೆಂಟ್ ಬಹಳ ಸಲ ಕೇಳದೆ, ಸುಮ್ನೆ ಊಹಿಸಿ ಮುಂದೆ ಹೋಗುತ್ತದೆ.

ಮೊದಲು ಹೆಸರು. 'ಡೇಟಾ ತೆಗೆ' ಬೇಡ, 'ತೊಗರಿ ದಿನದ ದರ ಓದು' ಅನ್ನುವ ಹಾಗಿರಲಿ. ಇದಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ಆಮೇಲೆ ವಿವರ. ಟೂಲ್ ಏನು ಮಾಡುತ್ತದೆ ಅಂತ ಎಲ್ಲರೂ ಬರೆಯುತ್ತಾರೆ, ಏನು ಮಾಡುವುದಿಲ್ಲ ಅನ್ನುವುದನ್ನು ಬಿಟ್ಟುಬಿಡುತ್ತಾರೆ. ಹೀಗೆ ಬರೆದು ನೋಡಿ: "ಒಂದು ಮಾರುಕಟ್ಟೆಯ ಒಂದು ದಿನದ ತೊಗರಿ ದರ ಓದುತ್ತದೆ. ತೊಗರಿ ಬೇಳೆಯ ದರ ಇದರಲ್ಲಿ ಸಿಗುವುದಿಲ್ಲ. ಲಾಗಿನ್ ಆಗುವುದಿಲ್ಲ, ಯಾವ ಫಾರ್ಮನ್ನೂ ಕಳಿಸುವುದಿಲ್ಲ. ದರ ಕ್ವಿಂಟಲ್‌ಗೆ ರೂಪಾಯಿಯಲ್ಲಿ. ಕನಿಷ್ಠ, ಗರಿಷ್ಠ, ಮಾದರಿ (ಹೆಚ್ಚು ವ್ಯಾಪಾರವಾದ ದರ) ಮೂರೂ ಬೇರೆ ಬೇರೆ ಬರುತ್ತವೆ." ಕನ್ನಡದಲ್ಲೇ ಬರೆದರೂ ನಡೆಯುತ್ತದೆ, ಆದರೆ ಪುಟದ ಬಟನ್ ಮೇಲೆ ಇಂಗ್ಲಿಷ್ ಇದ್ದರೆ ಆ ಅಕ್ಷರಗಳನ್ನು ಇದ್ದ ಹಾಗೇ ಇಡಿ.

ಏಜೆಂಟ್ ಕೊಡಬೇಕಾದ ಮಾಹಿತಿಯಲ್ಲಿ ಊಹೆಗೆ ಜಾಗವೇ ಇರಬಾರದು. 05-01 ಅಂದರೆ ಜನವರಿ 5 ಇರಬಹುದು, ಮೇ 1 ಕೂಡ ಇರಬಹುದು, ಅಲ್ವಾ? ದಿನ, ತಿಂಗಳು, ವರ್ಷ ಯಾವ ಕ್ರಮದಲ್ಲಿ ಅಂತ ಹೇಳಿ ಒಂದು ಉದಾಹರಣೆ ಕೊಡಿ. ಮಾರುಕಟ್ಟೆಗೆ ಖಾಲಿ ಜಾಗ ಬಿಡುವ ಬದಲು ಕಲಬುರಗಿ, ಸೇಡಂ, ಯಾದಗಿರಿ, ಬೀದರ್ ಅಂತ ಪಟ್ಟಿಯನ್ನೇ ಕೊಡಿ. 2014ರ ನವೆಂಬರ್ 1ಕ್ಕೆ ಗುಲ್ಬರ್ಗಾ ಹೋಗಿ ಕಲಬುರಗಿ ಬಂದರೂ ಹಳೆಯ ಡ್ರಾಪ್‌ಡೌನ್‌ಗಳಲ್ಲಿ ಹಳೆಯ ಹೆಸರು ಇನ್ನೂ ಸಿಗಬಹುದು. ಎರಡನ್ನೂ ಜೋಡಿಸುವ ಕೆಲಸ ನಿಮ್ಮ ಕೋಡ್ ಮಾಡಲಿ, ಏಜೆಂಟ್ ಅಲ್ಲ.

ಈಗ ಕಾಯುವ ವಿಷಯ. ನಿನ್ನೆಯ ದರ ನುಸುಳುವುದು ಇಲ್ಲೇ. ಪ್ಲೇರೈಟ್ ಕ್ಲಿಕ್ ಮಾಡುವ ಮೊದಲು ಬಟನ್ ಕಾಣುತ್ತಿದೆಯಾ, ಅಲುಗಾಡದೆ ನಿಂತಿದೆಯಾ, ಒತ್ತಲು ಬರುತ್ತದಾ ಅಂತ ತಾನೇ ನೋಡುತ್ತದೆ. ಸೆಲೆನಿಯಂನಲ್ಲಿ ನೀವು ಹೇಳದಿದ್ದರೆ ಬಟನ್ ಹುಡುಕಲು ಕಾಯುವ ಸಮಯ ಸೊನ್ನೆ. ಆದರೆ ಒತ್ತಿದ ಮೇಲೆ ಹೊಸ ಪಟ್ಟಿ ಬಂತಾ ಅಂತ ಎರಡರಲ್ಲೂ ನೀವೇ ನೋಡಬೇಕು, ಇಲ್ಲವಾದರೆ ಸರ್ವರ್ ನಿಧಾನವಿದ್ದಾಗ ಟೂಲ್ ಪರದೆ ಮೇಲಿನ ಹಳೆಯ ಪಟ್ಟಿಯನ್ನೇ ಓದಿ "ಆಯಿತು" ಅನ್ನುತ್ತದೆ. ಹಾಗಾಗಿ ಟೂಲ್ ಯಾವುದಕ್ಕಾಗಿ, ಎಷ್ಟು ಸೆಕೆಂಡ್ ಕಾಯುತ್ತದೆ ಅಂತ ಬರೆಯಿರಿ, ದರದ ಜೊತೆ ಪುಟದಲ್ಲಿ ಕಂಡ ದಿನಾಂಕವನ್ನೂ ವಾಪಸ್ ಕೊಡಿ.

ಪುಟದ ಪ್ರತಿ ಬಟನ್‌ಗೂ ಒಂದು ಗುರುತು ಕೊಡುವ ಪ್ಲೇರೈಟ್ ಎಂಸಿಪಿಯಂಥ ಟೂಲ್ ಆದರೆ ಇನ್ನೊಂದು ಸಾಲು ಬೇಕು (ಸ್ನ್ಯಾಪ್‌ಶಾಟ್ ಅಂದರೆ ಆ ಕ್ಷಣದಲ್ಲಿ ಪುಟದಲ್ಲಿ ಏನೇನಿದೆ ಅನ್ನುವ ಪಟ್ಟಿ): "ಪುಟ ಬದಲಾದರೆ ಹಳೆಯ ಗುರುತು ನಡೆಯುವುದಿಲ್ಲ, ಹೊಸ ಸ್ನ್ಯಾಪ್‌ಶಾಟ್ ತೆಗೆ."

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಬರಹ ಎರರ್ ಸಂದೇಶ. ಏಜೆಂಟ್ ದಾರಿ ತಪ್ಪಿದ ಗಳಿಗೆಯಲ್ಲಿ ಓದುವುದು ಅದನ್ನೇ. ಬರೀ 'ಟೈಮ್‌ಔಟ್' ಅಂದರೆ ಅದು ಮತ್ತೆ ಮತ್ತೆ ಒತ್ತುತ್ತಲೇ ಇರುತ್ತದೆ. ಏನಾಯಿತು, ಕೆಲಸ ಅರ್ಧಕ್ಕೆ ನಿಂತಿದೆಯಾ, ಮುಂದೇನು ಮಾಡಬೇಕು, ಮೂರನ್ನೂ ಹೇಳಿ. ಭಾನುವಾರದ ದರ ಕೇಳಿದರೆ ಖಾಲಿ ಪಟ್ಟಿಯನ್ನೋ ಸೊನ್ನೆಯನ್ನೋ ಕಳಿಸಬೇಡಿ, "ಈ ದಿನ ಇಲ್ಲಿ ತೊಗರಿ ಆವಕ ದಾಖಲಾಗಿಲ್ಲ. ಇದು ಟೂಲ್‌ನ ದೋಷವಲ್ಲ. ಮತ್ತೆ ಪ್ರಯತ್ನಿಸಬೇಡ, ಹಿಂದಿನ ದಿನದ ದರ ತುಂಬಬೇಡ" ಅಂತ ಕಳಿಸಿ. ಸೊನ್ನೆ ಕಂಡ ಏಜೆಂಟ್ ತೊಗರಿ ಬೆಲೆ ನೆಲ ಕಚ್ಚಿದೆ ಅಂತ ವರದಿ ಬರೆದುಬಿಟ್ಟರೆ ಗಂಜ್‌ನಲ್ಲಿ ಯಾರು ಉತ್ತರ ಕೊಡುತ್ತಾರೆ?

ಹಣ ಕಟ್ಟುವ, ಅರ್ಜಿ ಕಳಿಸುವ ಟೂಲ್ ಇದ್ದರೆ ಎರಡನೇ ಸಲ ಓಡಿಸಬಾರದು, ಮೊದಲು ಮನುಷ್ಯರ ಒಪ್ಪಿಗೆ ಬೇಕು ಅಂತ ಬರೆಯಿರಿ, ಅದನ್ನೇ ಕೋಡ್‌ನಲ್ಲೂ ಕಟ್ಟಿಹಾಕಿ. ಪುಟದೊಳಗೆ ಯಾರೋ ಬರೆದಿಟ್ಟ "ಹೀಗೆ ಮಾಡು" ಅನ್ನುವ ಮಾತನ್ನು ಆಜ್ಞೆ ಅಂತ ತಿಳಿಯಬಾರದು ಅನ್ನುವ ಎಚ್ಚರಿಕೆಯೂ ಇರಲಿ. ಹಾಗಂತ ಪುಟಗಟ್ಟಲೆ ಬೇಡ, ಈ ವಿವರ ಏಜೆಂಟ್‌ನ ಓದುವ ಮಿತಿಯಲ್ಲಿ ಜಾಗ ತಿನ್ನುತ್ತದೆ.

ಬರೆದಾದ ಮೇಲೆ ಹೊಸ ಸೆಷನ್ ತೆರೆದು, ಬೇರೇನೂ ಹೇಳದೆ ಮೂರು ಪ್ರಶ್ನೆ ಕೇಳಿ: ಗುಲ್ಬರ್ಗಾದ ತೊಗರಿ ದರ, ಭಾನುವಾರದ ದರ, ತೊಗರಿ ಬೇಳೆ ದರ. ಯಾವ ಟೂಲನ್ನು ಕರೆಯಿತು, ಏನು ಕೊಟ್ಟಿತು ಅಂತ ಲಾಗ್ ನೋಡಿ. ಬೇಳೆಯ ದರ ಕೇಳಿದಾಗಲೂ ಈ ಟೂಲ್ ಓಡಿಸಿದ್ದರೆ 'ಸಿಗುವುದಿಲ್ಲ' ಅನ್ನುವ ಸಾಲನ್ನು ವಿವರದ ಮೊದಲಿಗೆ ತಂದು ಮತ್ತೊಮ್ಮೆ ಕೇಳಿ.