ರೇಸ್ ಸೈಕಲ್‌ಗೆ ಎಷ್ಟು ಬಿಗಿ ಸಾಕು?

ಹೋದ ತಿಂಗಳು ತಿಕೋಟಾ ಕಡೆಯ ರೈತರೊಬ್ಬರು ಮಗಳ ರೇಸ್ ಸೈಕಲ್ ಅನ್ನು ಟಂಟಂನಲ್ಲಿ ಹಾಕಿಕೊಂಡು ವಿಜಯಪುರದ ನಮ್ಮ ಮನೆಗೆ ಬಂದರು. ಓಡಿಸುವಾಗ ಸೀಟು ಕೆಳಗೆ ಜಾರುತ್ತಿತ್ತಂತೆ. ಟ್ರ್ಯಾಕ್ಟರಿನ ನಟ್ಟು ಬಿಗಿದು ಪಳಗಿದ ಕೈ ಅವರದು. ಉದ್ದನೆಯ ಅಲೆನ್ ಕೀ ಹಾಕಿ ಸೀಟಿನ ಬೋಲ್ಟನ್ನು, ಇನ್ನು ತಿರುಗದು ಅನ್ನುವವರೆಗೆ ಬಿಗಿದಿದ್ದರು. ಸೀಟ್ ಪೋಸ್ಟ್, ಅಂದರೆ ಸೀಟು ಹೊರುವ ಕೊಳವೆ, ಹೊರಗೆ ತೆಗೆದಾಗ ಅದರ ಕಾರ್ಬನ್ ನಾರಿನ ಮೈ ಮೇಲೆ ಕೂದಲೆಳೆಯಂಥ ಬಿರುಕು ಕಂಡಿತು. ಮಗಳು ಬೀಳಬಾರದು ಎಂಬ ಕಾಳಜಿಯಿಂದಲೇ ಅವರು ಅಷ್ಟು ಬಿಗಿದದ್ದು. ಆದರೆ ಆ ಬಿರುಕು ಯಾರ ಕಣ್ಣಿಗೂ ಬೀಳದಿದ್ದರೆ, ಮುಂದೊಂದು ದಿನ ಯಾವುದೋ ಗುಂಡಿಯಲ್ಲಿ ಪೋಸ್ಟ್ ಮುರಿದು ಅವಳು ರಸ್ತೆಗೆ ಬೀಳಬಹುದಿತ್ತು.

ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಸೈಕಲ್ ರೇಸ್ ಎಂದರೆ ಮನೆಮಾತು. ಇಲ್ಲಿನ ಮಕ್ಕಳು ರಾಷ್ಟ್ರಮಟ್ಟದಲ್ಲಿ ಪದಕ ತಂದಿದ್ದಾರೆ. ಹರೆಯದಲ್ಲಿ ನಾನೂ ರೇಸ್ ಓಡಿಸಿದವನು. ಈಗ ಸಂಜೆ ಹೊತ್ತು ಮಕ್ಕಳ ಸೈಕಲ್ ಹೊಂದಿಸಿಕೊಡುತ್ತೇನೆ. ನನ್ನ ಕೈಗೆ ಬರುವ ಹೆಚ್ಚಿನ ತೊಂದರೆಗಳ ಮೂಲ ಒಂದೇ: ಬಿಗಿಯ ಅಳತೆ ತಪ್ಪಿರುವುದು.

ಹಾಲು, ಹುಲ್ಲು ಹೊರುವ ನಮ್ಮ ಹಳೆಯ ಕಬ್ಬಿಣದ ಸೈಕಲ್ 20 ಕಿಲೋ ಆಸುಪಾಸು ತೂಗುತ್ತದೆ. ಅದರ ನಟ್ಟನ್ನು ಹೆಚ್ಚು ಬಿಗಿದರೂ ಅದು ತಡೆದುಕೊಳ್ಳುತ್ತದೆ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ರೇಸ್ ಸೈಕಲ್‌ಗೆ ಇಟ್ಟಿರುವ ಕನಿಷ್ಠ ತೂಕ 6.8 ಕಿಲೋ. ಅಂಥ ಹಗುರ ಸೈಕಲ್‌ನಲ್ಲಿ ಎಲ್ಲಿಯೂ ಹೆಚ್ಚುವರಿ ಲೋಹ ಇರುವುದಿಲ್ಲ. ಆದ್ದರಿಂದ ಬೋಲ್ಟಿನ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುವ ಅಂಕಿಯನ್ನು ಮೊದಲು ಓದಿ. ಹ್ಯಾಂಡಲ್ ಹಿಡಿದಿಡುವ ಸ್ಟೆಮ್ ಮೇಲೆ ಸಾಮಾನ್ಯವಾಗಿ 5 ಅಥವಾ 6 ನ್ಯೂಟನ್ ಮೀಟರ್ (ಬಿಗಿಯ ಅಳತೆ) ಎಂದಿರುತ್ತದೆ. ಸೀಟ್ ಪೋಸ್ಟಿನದೂ ಹೆಚ್ಚುಕಡಿಮೆ ಅಷ್ಟೇ. ಅಷ್ಟು ಬಿಗಿ ಕೈಯಂದಾಜಿಗೆ ಸಿಗುವುದಿಲ್ಲ. ಹೊಸ ಜೆರ್ಸಿ, ಹೊಸ ಕನ್ನಡಕ ಆಮೇಲೆ ಕೊಳ್ಳಬಹುದು. ಮೊದಲು ಒಂದು ಟಾರ್ಕ್ ರೆಂಚ್, ಅಂದರೆ ನಾವು ಇಟ್ಟ ಅಂಕಿಗೆ ಬಿಗಿ ಮುಟ್ಟಿದಾಗ ಟಕ್ ಎನ್ನುವ ಪಾನಾ, ಕೊಳ್ಳಿ. ನಾಲ್ಕೈದು ಮನೆಯವರು ಸೇರಿ ಒಂದನ್ನೇ ಕೊಂಡರೂ ಸಾಕು.

ಸರಿಯಾದ ಬಿಗಿಯಲ್ಲೂ ಕಾರ್ಬನ್ ಪೋಸ್ಟ್ ಜಾರಿದರೆ ಅದಕ್ಕೆಂದೇ ಮರಳಿನಂತೆ ತರಿತರಿಯಾದ ಕಾರ್ಬನ್ ಪೇಸ್ಟ್ ಸಿಗುತ್ತದೆ. ತೆಳ್ಳಗೆ ಸವರಿದರೆ ಕಡಿಮೆ ಬಿಗಿಯಲ್ಲೇ ಹಿಡಿತ ಬರುತ್ತದೆ. ಕಾರ್ಬನ್‌ಗೆ ಗ್ರೀಸ್ ಹಚ್ಚಬೇಡಿ. ಫ್ರೇಮ್ ಮತ್ತು ಪೋಸ್ಟ್ ಎರಡೂ ಲೋಹದ್ದಾಗಿದ್ದರೆ ಮಾತ್ರ ಗ್ರೀಸ್ ಬೇಕೇಬೇಕು, ಇಲ್ಲದಿದ್ದರೆ ಬೆವರು ಇಳಿದು ಎರಡೂ ಕಚ್ಚಿಕೊಳ್ಳುತ್ತವೆ. ಪೋಸ್ಟ್ ಕನಿಷ್ಠ ಎಷ್ಟು ಒಳಗಿರಬೇಕು ಎಂದು ತೋರಿಸಲು ಅದರ ಮೇಲೆ ಕೆತ್ತಿರುವ ಗೆರೆ ಎಂದೂ ಹೊರಗೆ ಕಾಣಬಾರದು. ಸ್ಟೆಮ್‌ನ ಮುಂದಿನ ನಾಲ್ಕು ಬೋಲ್ಟುಗಳನ್ನು ಮೂಲೆಯಿಂದ ಮೂಲೆಗೆ, ಸ್ವಲ್ಪಸ್ವಲ್ಪವಾಗಿ ಬಿಗಿಯಿರಿ. ತಯಾರಕರು ಬೇರೆ ರೀತಿ ಹೇಳಿಲ್ಲದಿದ್ದರೆ ಹ್ಯಾಂಡಲ್ ಅನ್ನು ಒತ್ತಿ ಹಿಡಿಯುವ ಮುಂದಿನ ಪಟ್ಟಿಯ ಮೇಲಿನ ಸಂದು, ಕೆಳಗಿನ ಸಂದು ಒಂದೇ ಅಗಲ ಇರಬೇಕು.

ಇನ್ನು ಚಕ್ರದ ಕ್ವಿಕ್ ರಿಲೀಸ್, ಅಂದರೆ ಪಾನಾ ಇಲ್ಲದೆ ಚಕ್ರ ಬಿಗಿಯುವ, ಬಿಚ್ಚುವ ಹಿಡಿ. ನನಗೆ ಅತಿ ಹೆಚ್ಚು ಭಯ ಇದರದೇ, ಏಕೆಂದರೆ ತುಂಬಾ ಮಕ್ಕಳು ಇದರ ಹಿಡಿಯನ್ನು ರೆಕ್ಕೆನಟ್ಟಿನಂತೆ ಗರಗರ ತಿರುಗಿಸಿ ಬಿಗಿಯಾಯಿತು ಎಂದುಕೊಳ್ಳುತ್ತಾರೆ. ಅದು ತಿರುಗಿಸುವ ಹಿಡಿಯಲ್ಲ, ಮಡಚುವ ಹಿಡಿ. ಸೈಕಲ್ ಅನ್ನು ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ, ಚಕ್ರದ ಅಚ್ಚು ಫೋರ್ಕಿನ (ಮುಂದಿನ ಚಕ್ರ ಹಿಡಿಯುವ ಕವೆಯ) ಎರಡೂ ಬಾಯಿಗಳಲ್ಲಿ ಪೂರ್ತಿ ಕೂರುವಂತೆ ಮಾಡಿ. ಹಿಡಿ ಅರ್ಧ ದಾರಿಗೆ ಬಂದು, ಅಚ್ಚಿನ ನೇರಕ್ಕೆ ಹೊರಗೆ ಚಾಚಿ ನಿಂತಾಗ ನಿಮ್ಮ ಕೈಗೆ ಮೊದಲ ತಡೆ ಸಿಗಬೇಕು. ಸಿಗದಿದ್ದರೆ ಎದುರಿನ ಬದಿಯ ನಟ್ಟನ್ನು ಅಷ್ಟಷ್ಟೇ ಬಿಗಿಯಿರಿ. ಅಲ್ಲಿಂದ ಮುಂದೆ ಅಂಗೈಯಿಂದ ಒತ್ತಿ ಪೂರ್ತಿ ಮಡಚಿದಾಗ ಅಂಗೈಯಲ್ಲಿ ಗುರುತು ಮೂಡಬೇಕು. ನಾನು ಮಕ್ಕಳಿಗೆ ಕೈ ತೋರಿಸು ಎನ್ನುತ್ತೇನೆ. ಗುರುತಿಲ್ಲದ ಕೈಯವರನ್ನು ರಸ್ತೆಗೆ ಬಿಡುವುದಿಲ್ಲ. ಡಿಸ್ಕ್ ಬ್ರೇಕಿನ ಹೊಸ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಥ್ರೂ ಆಕ್ಸಲ್ (ಚಕ್ರದ ಮೂಲಕ ಹಾದು ತಿರುಪಿನಂತೆ ಬಿಗಿಯುವ ಅಚ್ಚು) ಇರುತ್ತದೆ, ಅದರ ಬಿಗಿಯ ಅಂಕಿ ಹೆಚ್ಚಾಗಿ ಅದರ ಮೇಲೆಯೇ ಇರುತ್ತದೆ. ಹೈಡ್ರಾಲಿಕ್ ಡಿಸ್ಕ್ ಇದ್ದರೆ ಚಕ್ರ ತೆಗೆದಿಟ್ಟಾಗ ಬ್ರೇಕ್ ಹಿಡಿ ಒತ್ತಬೇಡಿ. ಡಿಸ್ಕ್‌ಗೆ ಎಣ್ಣೆಯ ಕೈ ತಾಗಿಸಬೇಡಿ.

ಮುಂದಿನ ಬ್ರೇಕ್ ಹಿಡಿದು ಸೈಕಲ್ ಅನ್ನು ಹಿಂದೆ ಮುಂದೆ ಅಲುಗಿಸಿ. ಹ್ಯಾಂಡಲ್ ಬುಡದಲ್ಲಿ ಬೆರಳಿಟ್ಟಾಗ ಟಕಟಕ ಎಂದರೆ ಹ್ಯಾಂಡಲ್ ತಿರುಗುವ ಬೇರಿಂಗ್ ಆದ ಹೆಡ್‌ಸೆಟ್ ಸಡಿಲವಾಗಿದೆ. ಆಗ ಸ್ಟೆಮ್‌ನ ಪಕ್ಕದ ಬೋಲ್ಟುಗಳನ್ನು ಮೊದಲು ಸಡಿಲಿಸಿ, ನೆತ್ತಿಯ ಬೋಲ್ಟನ್ನು ಕಾಲು ಸುತ್ತು ತಿರುಗಿಸಿ, ಮತ್ತೆ ಪಕ್ಕದವನ್ನು ಬಿಗಿಯಿರಿ. ಈ ಕ್ರಮ ತಪ್ಪಿದರೆ ನೆತ್ತಿಯ ಬೋಲ್ಟ್ ಎಷ್ಟು ತಿರುಗಿಸಿದರೂ ಕೆಲಸವಾಗದು. ಮುಂದಿನ ಚಕ್ರ ಎತ್ತಿ ಹಿಡಿದಾಗ ಹ್ಯಾಂಡಲ್ ತಾನಾಗಿ ಪಕ್ಕಕ್ಕೆ ಹೊರಳಿದರೆ ಬಿಗಿ ಸರಿಯಿದೆ.

ಗಾಳಿಯೂ ಒಂದು ಬಿಗಿಯೇ. ಟೈರಿನ ಪಕ್ಕೆಯಲ್ಲಿ ಬರೆದಿರುವ ದೊಡ್ಡ ಅಂಕಿ ದಾಟಬಾರದ ಮಿತಿ. ಪ್ರತಿದಿನ ಅಷ್ಟು ತುಂಬಿ ಎಂದು ಅದರ ಅರ್ಥವಲ್ಲ. 60 ಕಿಲೋ ತೂಗುವವರಿಗೆ 25 ಮಿಲಿಮೀಟರ್ ಟೈರಿನಲ್ಲಿ ಹಿಂದೆ 80ರಿಂದ 85 ಪಿಎಸ್‌ಐ, ಮುಂದೆ ಐದು ಕಡಿಮೆ, ಇದು ಶುರು ಮಾಡಲು ಒಳ್ಳೆಯ ಅಳತೆ. ಕಲ್ಲಿನಂತೆ ತುಂಬಿದ ಟೈರು ನಮ್ಮ ತೇಪೆ ರಸ್ತೆಗಳಲ್ಲಿ ಪುಟಿಯುತ್ತದೆ, ತಿರುವಿನಲ್ಲಿ ನೆಲವನ್ನು ಹಿಡಿಯುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವ ಊರು ನಮ್ಮದು. ಬೆಳಗಿನ ತಂಪಿನಲ್ಲಿ ತುಂಬಿದ ಗಾಳಿ ಬಿಸಿಲೇರಿದಂತೆ ಮತ್ತಷ್ಟು ಬಿಗಿಯಾಗುತ್ತದೆ ಎಂಬ ಲೆಕ್ಕ ಇರಲಿ. ರೇಸ್ ಟ್ಯೂಬಿನ ತೆಳ್ಳನೆಯ ಪ್ರೆಸ್ಟಾ ವಾಲ್ವಿನ ತುದಿಯ ಪುಟ್ಟ ನಟ್ಟು ಬಿಚ್ಚಿದ ಮೇಲೆಯೇ ಪಂಪ್ ಹಾಕಿ.

ನಮ್ಮ ಕಡೆ ಪಂಕ್ಚರ್ ಎಂದರೆ ಜಾಲಿ ಮುಳ್ಳು. ಟ್ಯೂಬ್ ಬದಲಿಸುವ ಮೊದಲು ಟೈರಿನ ಒಳಮೈ ಮೇಲೆ ಹತ್ತಿಯ ಉಂಡೆ ಆಡಿಸಿ. ಮುಳ್ಳಿನ ತುದಿಗೆ ಹತ್ತಿ ಸಿಕ್ಕಿಕೊಂಡು ಜಾಗ ತೋರಿಸುತ್ತದೆ. ಮುಳ್ಳು ತೆಗೆಯದೆ ಹೊಸ ಟ್ಯೂಬ್ ಹಾಕಿದರೆ ಅದೂ ಅಲ್ಲೇ ತೂತಾಗುತ್ತದೆ.

ಸೀಟಿನ ಎತ್ತರದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಇಲ್ಲಿ ಹಾಳಾಗುವುದು ಮೊಣಕಾಲು. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ತೊಡೆಗಳ ನಡುವೆ ಒಂದು ದಪ್ಪ ಪುಸ್ತಕವನ್ನು ಮೇಲಕ್ಕೆ ಒತ್ತಿ ಹಿಡಿಯಿರಿ. ನೆಲದಿಂದ ಪುಸ್ತಕದ ಮೇಲಂಚಿನವರೆಗಿನ ಅಳತೆಯನ್ನು 0.883ರಿಂದ ಗುಣಿಸಿ. 80 ಸೆಂಟಿಮೀಟರ್ ಇದ್ದರೆ 70.6 ಬರುತ್ತದೆ. ಪೆಡಲ್ ಕ್ರ್ಯಾಂಕು ತಿರುಗುವ ಅಚ್ಚಿನ ನಟ್ಟನಡುವಿನಿಂದ ಸೀಟಿನ ಮೇಲ್ಮೈವರೆಗೆ ಅಷ್ಟು ಎತ್ತರ ಇಟ್ಟು ಶುರು ಮಾಡಿ. ಇದಕ್ಕೊಂದು ಪರೀಕ್ಷೆ: ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಪೆಡಲ್ ಮೇಲೆ ಇಟ್ಟಾಗ, ಪೆಡಲ್ ಕೆಳಗಿರುವಾಗ ಕಾಲು ನೆಟ್ಟಗಾಗಬೇಕು, ಸೊಂಟ ಓಲಬಾರದು. ಮೊಣಕಾಲಿನ ಮುಂಭಾಗ ನೋಯುತ್ತಿದ್ದರೆ ಸೀಟು ತಗ್ಗಿರುವ ಸಂಭವ ಹೆಚ್ಚು; ಹಿಂಭಾಗ ನೋಯುತ್ತಿದ್ದರೆ ಎತ್ತರವಾಗಿರುವ ಸಂಭವ ಹೆಚ್ಚು. ಬದಲಿಸುವಾಗ ಒಮ್ಮೆಗೆ 3ರಿಂದ 5 ಮಿಲಿಮೀಟರ್ ಮಾತ್ರ ಬದಲಿಸಿ, ಒಂದು ವಾರ ಓಡಿಸಿ ನೋಡಿ. ಪೋಸ್ಟಿಗೆ ಬಣ್ಣದ ಟೇಪು ಸುತ್ತಿದರೆ ಜಾರಿದ್ದು ಕೂಡಲೇ ಗೊತ್ತಾಗುತ್ತದೆ.

ತಂದೆ ತಾಯಂದಿರಲ್ಲಿ ನನ್ನದೊಂದು ಬೇಡಿಕೆ ಇದೆ. ಶಾಲೆಯ ಸಮವಸ್ತ್ರ ಕೊಂಡಂತೆ, ಬೆಳೆಯುವ ಮಗು ಎಂದು ಎರಡು ಅಳತೆ ದೊಡ್ಡ ಸೈಕಲ್ ಕೊಳ್ಳಬೇಡಿ. ಕೈ ಬ್ರೇಕಿಗೆ ಎಟುಕದ ಮಗುವಿಗೆ ಆ ಸೈಕಲ್ ಅಪಾಯ. ಹಳೆಯದಾದರೂ ಪರವಾಗಿಲ್ಲ, ಮೈಗೆ ಹೊಂದುವುದನ್ನು ಕೊಡಿಸಿ, ಮೂರು ತಿಂಗಳಿಗೊಮ್ಮೆ ಅಳತೆ ನೋಡಿ.

ಚೈನು ನಮ್ಮ ಎರೆ ಮಣ್ಣಿನ ನಾಡಿನಲ್ಲಿ ಬೇಗ ಸವೆಯುತ್ತದೆ. ಎಣ್ಣೆ ಸುರಿದಷ್ಟೂ ಒಳ್ಳೆಯದು ಎಂಬ ನಂಬಿಕೆ ತಪ್ಪು. ಎಣ್ಣೆಯೂ ಧೂಳೂ ಸೇರಿದರೆ ಅದು ಸಾಣೆ ಹಿಡಿಯುವ ಪುಡಿಯಂತೆ ಹಲ್ಲುಗಳನ್ನು ತಿನ್ನುತ್ತದೆ. ಮೊದಲು ಬಟ್ಟೆಯಿಂದ ಒರೆಸಿ. ರಾತ್ರಿ ಚೈನಿನ ಒಂದೊಂದು ಉರುಳೆಗೆ ಒಂದೊಂದು ಹನಿ ಬಿಟ್ಟು, ಪೆಡಲ್ ಹಿಂದಕ್ಕೆ ತಿರುಗಿಸಿ, ಬೆಳಿಗ್ಗೆ ಹೊರಗಿನ ಎಣ್ಣೆಯನ್ನೆಲ್ಲ ಒರೆಸಿಬಿಡಿ. ಎಣ್ಣೆ ಬೇಕಾಗಿರುವುದು ಉರುಳೆಯ ಒಳಗೆ. ಸವೆತ ನೋಡಲು ಶಾಲೆಯ 12 ಇಂಚಿನ ಸ್ಕೇಲು ಸಾಕು. ಒಂದು ಪಿನ್ನಿನ ನಡುವೆ ಸೊನ್ನೆ ಇಟ್ಟರೆ 12 ಇಂಚಿಗೆ ಸರಿಯಾಗಿ ಮತ್ತೊಂದು ಪಿನ್ನಿನ ನಡು ಬರಬೇಕು. ಅದು ಇಂಚಿನ ಹದಿನಾರನೇ ಒಂದು ಭಾಗ ಮುಂದೆ ಹೋಗಿದ್ದರೆ ಚೈನು ಬದಲಿಸಿ. ಎಂಟನೇ ಒಂದು ಭಾಗ ಹೋಗುವವರೆಗೆ ಬಿಟ್ಟರೆ ಹಿಂದಿನ ಹಲ್ಲುಚಕ್ರಗಳನ್ನೂ ಬದಲಿಸುವ ಖರ್ಚು ಬೀಳುತ್ತದೆ.

ಗೇರು ದೊಡ್ಡ ಹಲ್ಲಿಗೆ ಏರಲು ತಡವರಿಸಿದರೆ, ಚೈನನ್ನು ಹಲ್ಲುಚಕ್ರದಿಂದ ಹಲ್ಲುಚಕ್ರಕ್ಕೆ ಸರಿಸುವ ಹಿಂದಿನ ಡಿರೇಲರ್‌ಗೆ ಕೇಬಲ್ ಸೇರುವ ಜಾಗದ ತಿರುಪನ್ನು ಅಪ್ರದಕ್ಷಿಣೆಯಾಗಿ ಕಾಲು ಸುತ್ತು ತಿರುಗಿಸಿ. ಇಳಿಯಲು ತಡವರಿಸಿದರೆ ಪ್ರದಕ್ಷಿಣೆಯಾಗಿ. ಸೈಕಲ್ ಬಲಬದಿಗೆ ಬಿದ್ದಿದ್ದರೆ ಹಿಂದಿನಿಂದ ನೋಡಿ: ಡಿರೇಲರ್ ಒಳಕ್ಕೆ ಬಾಗಿದ್ದರೆ ತಿರುಪು ಮುಟ್ಟದೆ ಅನುಭವಿಗಳಿಗೆ ತೋರಿಸಿ. ಬಾಗಿದ ಡಿರೇಲರ್ ಸ್ಪೋಕ್‌ಗಳಿಗೆ ಸಿಕ್ಕಿದರೆ ಹಿಂದಿನ ಚಕ್ರ ಅಲ್ಲೇ ಕಚ್ಚಿ ನಿಲ್ಲುತ್ತದೆ. ಎಡ ಪೆಡಲ್ ಬಿಚ್ಚುವಾಗ ನೆನಪಿರಲಿ, ಅದರ ಥ್ರೆಡ್ ಉಲ್ಟಾ, ಪ್ರದಕ್ಷಿಣೆಯಾಗಿ ತಿರುಗಿಸಿದರೆ ಬಿಚ್ಚುತ್ತದೆ. ರಿಮ್ ಬ್ರೇಕಿನ ರಬ್ಬರಿನಲ್ಲಿ ಸಿಕ್ಕಿರುವ ಲೋಹದ ಚೂರುಗಳನ್ನು ಪಿನ್ನಿನಿಂದ ತೆಗೆಯಿರಿ. ರಬ್ಬರ್ ರಿಮ್ಮಿಗೆ ಮಾತ್ರ ತಾಗಬೇಕು, ಟೈರಿಗೆ ತಾಗಿದರೆ ಟೈರು ಹರಿಯುತ್ತದೆ.

ರಸ್ತೆಯಲ್ಲಿ ಮಾತ್ರ ಬಿಗಿ ಬೇಡ. ಮೊಣಕೈ ಸಡಿಲ ಇರಲಿ. ಬ್ರೇಕನ್ನು ತಿರುವಿಗೆ ಮುಂಚೆಯೇ ಹಾಕಿ, ತಿರುವಿನಲ್ಲಿ ಹೊರಬದಿಯ ಪೆಡಲ್ ಕೆಳಗಿಟ್ಟು ಅದರ ಮೇಲೆ ಭಾರ ಹಾಕಿ. ಜೋರಾಗಿ ನಿಲ್ಲಿಸಬೇಕಾದಾಗ ಹೆಚ್ಚಿನ ಕೆಲಸ ಮುಂದಿನ ಬ್ರೇಕಿನದು, ಆದರೆ ದೇಹವನ್ನು ಹಿಂದಕ್ಕೆ ಸರಿಸಿ ಒತ್ತಡ ಏರಿಸುತ್ತ ಹೋಗಬೇಕು. ಒಮ್ಮೆಲೇ ಹಿಂಡಿದರೆ ಹ್ಯಾಂಡಲ್ ಮೇಲಿಂದ ಹಾರಿ ಬೀಳುತ್ತೀರಿ. ಗುಂಪಿನಲ್ಲಿ ಮುಂದಿನವರ ಹಿಂಚಕ್ರದ ಪಕ್ಕಕ್ಕೆ ನಿಮ್ಮ ಮುಂಚಕ್ರ ಸೇರಿಸಬೇಡಿ. ಅವರು ಗುಂಡಿ ತಪ್ಪಿಸಲು ಅಂಗುಲ ಸರಿದರೂ ಬೀಳುವವರು ನೀವು. ಕಬ್ಬು ನುರಿಸುವ ಕಾಲದಲ್ಲಿ ನಸುಕಿನ ಕತ್ತಲಲ್ಲಿ ದೀಪವಿಲ್ಲದ ಟ್ರೇಲರ್‌ಗಳು ರಸ್ತೆ ಬದಿ ನಿಂತಿರುತ್ತವೆ, ಬಿದ್ದ ಕಬ್ಬಿನ ಜಲ್ಲೆ ಚಕ್ರದಡಿ ಉರುಳುತ್ತದೆ. ಆ ತಿಂಗಳುಗಳಲ್ಲಿ ಬೆಳಕು ಹರಿದ ಮೇಲೆಯೇ ಹೊರಡಿ. ಹೆಲ್ಮೆಟ್ ಒಮ್ಮೆ ಪೆಟ್ಟು ತಿಂದಿದ್ದರೆ, ಬಿರುಕು ಕಾಣದಿದ್ದರೂ ಬದಲಿಸಿ.

ತಿಕೋಟಾದ ಆ ಹುಡುಗಿಗೆ ಹೊಸ ಪೋಸ್ಟ್ ಬಂತು. ಪೇಸ್ಟ್ ಸವರಿ, ರೆಂಚನ್ನು 5ಕ್ಕೆ ಇಟ್ಟು ಅವಳ ಕೈಗೇ ಕೊಟ್ಟೆ. ಟಕ್ ಎಂದ ಕೂಡಲೇ ಕೈ ತೆಗೆದಳು. ತಂದೆ ಬಗ್ಗಿ ನೋಡಿ, ಇಷ್ಟೇ ಸಾಕೇ ಎಂದು ಎರಡು ಸಲ ಕೇಳಿದರು. ಸಾಕು ಎಂದೆ. 50 ಕಿಲೋಮೀಟರ್ ಓಡಿಸಿದ ಮೇಲೆ ಪೋಸ್ಟಿನ ಟೇಪು ಜಾರಿದೆಯೇ ನೋಡಿ ಫೋನ್ ಮಾಡಲು ಅವಳಿಗೆ ಹೇಳಿದ್ದೇನೆ.