ಸೊಸೈಟಿಯಲ್ಲಿಟ್ಟ ದುಡ್ಡು ಬ್ರಿಟನ್ ವೀಸಾದ ಲೆಕ್ಕಕ್ಕೆ ಸಿಗುವುದಿಲ್ಲ

ಜುಲೈ ಬಂತೆಂದರೆ ನಮ್ಮ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಪೆರ್ಲ, ಮಂಜೇಶ್ವರ ಕಡೆಯಿಂದ ಬ್ರಿಟನ್ನಿನಲ್ಲಿರುವ ನನಗೆ ಫೋನ್ ಬರಲು ಶುರುವಾಗುತ್ತದೆ. ಮಗನಿಗೆ ಕವೆಂಟ್ರಿಯಲ್ಲಿ ಸೀಟು ಸಿಕ್ಕಿದೆ, ಮಗಳಿಗೆ ಲೆಸ್ಟರಿನಲ್ಲಿ ಸಿಕ್ಕಿದೆ, ಆದರೆ ವೀಸಾ ರಿಜೆಕ್ಟ್ ಆಯಿತು, ಈಗ ಏನು ಮಾಡುವುದು? ಬಂದ ಪತ್ರವನ್ನು ಓದಿಸಿ ಕೇಳಿದರೆ ಹೆಚ್ಚಿನ ಸಲ ಕಾರಣ ಒಂದೇ. ದುಡ್ಡು ಇಲ್ಲ ಎಂದಲ್ಲ. ದುಡ್ಡು ಇಟ್ಟ ಜಾಗ ಸರಿ ಇಲ್ಲ, ಅಥವಾ ಇಟ್ಟ ದಿನ ಸಾಲದು. 2021ರಲ್ಲಿ ನನಗೆ ಬಂದ ಪತ್ರದಲ್ಲೂ ಇದೇ ಇತ್ತು. ಇಂಗ್ಲಿಷ್ ಪರೀಕ್ಷೆ, ಯೂನಿವರ್ಸಿಟಿ ಆಯ್ಕೆ ಎಲ್ಲ ನಿಮಗೆ ಗೊತ್ತೇ ಇದೆ. ಅದನ್ನು ಬಿಟ್ಟು ನೇರವಾಗಿ ದುಡ್ಡಿನ ವಿಷಯಕ್ಕೆ ಬರುತ್ತೇನೆ. ಫೀಗೂ ಇಲ್ಲಿನ ಖರ್ಚಿಗೂ ಬೇಕಾದಷ್ಟು ದುಡ್ಡು ಕೈಯಲ್ಲಿದೆ ಎಂದು ವೀಸಾಕ್ಕೆ ತೋರಿಸಬೇಕು.

ನಮ್ಮಪ್ಪ ಅಡಿಕೆ ಮಾರಿದ ದುಡ್ಡನ್ನು ಮೊದಲಿನಿಂದಲೂ ಊರಿನ ಸರ್ವಿಸ್ ಕೋ ಆಪರೇಟಿವ್ ಬ್ಯಾಂಕಿನಲ್ಲಿ ಇಡುತ್ತಿದ್ದರು. ನಮ್ಮ ಬಾಯಲ್ಲಿ ಅದು ಸೊಸೈಟಿ. ಮನೆಯಿಂದ ನಡೆದು ಹೋಗುವಷ್ಟು ಹತ್ತಿರ, ಬಡ್ಡಿ ಸ್ವಲ್ಪ ಜಾಸ್ತಿ, ಗೊಬ್ಬರಕ್ಕೆ ಸಾಲ ಬೇಕಾದರೂ ಅಲ್ಲೇ. ನನ್ನ ವೀಸಾಕ್ಕೆ ಅಲ್ಲಿನ ಎಫ್‌ಡಿ ಸರ್ಟಿಫಿಕೇಟನ್ನೇ ಹಾಕಿದೆವು. ಸೀಲು, ಸಹಿ ಎಲ್ಲ ಇತ್ತು. ಮೂರು ವಾರ ಕಳೆದು ಉತ್ತರ ಬಂತು: ಈ ಸಂಸ್ಥೆ ನಿಮ್ಮ ದೇಶದ ಬ್ಯಾಂಕ್ ನಿಯಂತ್ರಕರ ಅಡಿಯಲ್ಲಿ ಇಲ್ಲ, ಆದ್ದರಿಂದ ಈ ಹಣವನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಅಪ್ಪನಿಗೆ ಇದು ಅರ್ಥವೇ ಆಗಲಿಲ್ಲ. ಬೋರ್ಡಿನಲ್ಲಿ ಬ್ಯಾಂಕ್ ಎಂದು ಬರೆದಿದೆ ಅಲ್ವಾ ಎಂದು ಕೇಳಿದರು. ಬರೆದಿದೆ, ನಿಜ. ಆದರೆ ಊರಿನ ಸರ್ವಿಸ್ ಕೋ ಆಪರೇಟಿವ್ ಬ್ಯಾಂಕುಗಳು ಕೇರಳ ಸರ್ಕಾರದ ಸಹಕಾರ ಇಲಾಖೆಯ ಅಡಿಯಲ್ಲಿ ನೋಂದಣಿಯಾದ ಸಂಘಗಳು. ಅವುಗಳಿಗೆ ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಇಲ್ಲ. ಇಂಥ ಸಂಘಗಳು ಬ್ಯಾಂಕ್ ಎಂಬ ಪದ ಬಳಸಬಾರದು ಎಂದು ರಿಸರ್ವ್ ಬ್ಯಾಂಕು 2021ರ ನವೆಂಬರಿನಲ್ಲಿ ಪ್ರಕಟಣೆಯನ್ನೇ ಕೊಟ್ಟಿತು. ಬ್ರಿಟನ್ನಿನ ನಿಯಮ ಕೇಳುವುದು ಮೂರು ವಿಷಯ. ಸಂಸ್ಥೆ ಆ ದೇಶದ ಸರಿಯಾದ ನಿಯಂತ್ರಕರ ಅಡಿಯಲ್ಲಿ ಇರಬೇಕು, ಲೆಕ್ಕ ಕಂಪ್ಯೂಟರಿನಲ್ಲಿ ಇರಬೇಕು, ಅವರು ವಿಚಾರಿಸಿದರೆ ಖಾತರಿ ಸಿಗಬೇಕು. ನಮ್ಮ ಸೊಸೈಟಿ ಮೊದಲನೆಯದರಲ್ಲೇ ನಿಂತುಹೋಯಿತು.

ಸೊಸೈಟಿಯ ಮೇಲೆ ನನಗೆ ಯಾವ ದೂರೂ ಇಲ್ಲ. ನಮ್ಮ ಮನೆ ನಡೆದದ್ದೇ ಅದರಿಂದ. ಆದರೆ ವೀಸಾಕ್ಕೆ ಅದು ಆಗದು. ಕೆನರಾ, ಕರ್ನಾಟಕ ಬ್ಯಾಂಕ್, ಎಸ್‌ಬಿಐ, ಗ್ರಾಮೀಣ ಬ್ಯಾಂಕ್ ಇವು ಆಗುತ್ತವೆ. ಜಿಲ್ಲಾ ಸಹಕಾರಿ ಬ್ಯಾಂಕುಗಳು ಸೇರಿ 2019ರಲ್ಲಿ ಆದ ಕೇರಳ ಬ್ಯಾಂಕ್ ಬೇರೆ, ಅದಕ್ಕೆ ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಇದೆ. ಊರಿನ ಸೊಸೈಟಿಯನ್ನು ಅದರ ಶಾಖೆ ಎಂದು ತಿಳಿದುಕೊಂಡವರು ಬಹಳ ಜನ. ಅಲ್ಲ, ಅದು ಪ್ರತ್ಯೇಕ ಸಂಘ.

ನನಗೆ ಆ ಸೆಪ್ಟೆಂಬರ್ ಹೋಯಿತು. ಟಿಕೆಟಿನ ದುಡ್ಡು ಹೋಯಿತು. ಇಲ್ಲಿನ ಸರ್ಕಾರಿ ಚಿಕಿತ್ಸೆಗೆಂದು ಮೊದಲೇ ಕಟ್ಟುವ ಹೆಲ್ತ್ ಸರ್ಚಾರ್ಜ್ ವಾಪಸ್ ಬಂತು, ವೀಸಾ ಫೀ ಬರಲಿಲ್ಲ. ಜನವರಿ ಬ್ಯಾಚಿಗೆ ಹೊಸದಾಗಿ ಅರ್ಜಿ ಹಾಕಿ ಬಂದೆ.

ಇನ್ನು 28 ದಿನದ ವಿಷಯ. ಬೇಕಾದ ಮೊತ್ತ ಖಾತೆಯಲ್ಲಿ ಒಂದೇ ಸಮನೆ 28 ದಿನ ಇರಬೇಕು. ಆ 28ನೆಯ ದಿನ, ನೀವು ಅರ್ಜಿಯ ಫೀ ಕಟ್ಟುವ ದಿನದಿಂದ ಹಿಂದಕ್ಕೆ 31 ದಿನದ ಒಳಗೆ ಬೀಳಬೇಕು. ಸರಾಸರಿ ಲೆಕ್ಕ ಇಲ್ಲ. ಒಂದೇ ಒಂದು ದಿನ ಒಂದು ಪೌಂಡ್ ಕಡಿಮೆಯಾದರೂ 28 ಮತ್ತೆ ಒಂದರಿಂದ ಶುರು.

ಕಳೆದ ಮಳೆಗಾಲದಲ್ಲಿ ಒಬ್ಬ ಹುಡುಗಿಗೆ ಆದದ್ದನ್ನು ಹೇಳುತ್ತೇನೆ. ಸೊಸೈಟಿಯ ದುಡ್ಡು ಆಗದು ಎಂದು ನಾನೇ ಮೊದಲೇ ಹೇಳಿದ್ದೆ. ಅವರ ತಂದೆ ಪೂರ್ತಿ ಮೊತ್ತವನ್ನು ಪೇಟೆಯ ಬ್ಯಾಂಕಿಗೆ ಹಾಕಿದರು. ಹದಿನಾರು ದಿನ ಸರಿಯಾಗಿ ಇತ್ತು. ಅಷ್ಟರಲ್ಲಿ ಎರಡು ದಿನ ಮಳೆ ಬಿಟ್ಟು ಬಿಸಿಲು ಬಂತು. ಅಡಿಕೆಗೆ ಮದ್ದು ಬಿಡಲು ಆಳು ಸಿಕ್ಕಿದರು. ಮೈಲುತುತ್ತು, ಸುಣ್ಣ, ಆಳಿನ ಸಂಬಳ ಎಂದು ಅವರು 60 ಸಾವಿರ ತೆಗೆದರು. ಕೊಳೆರೋಗ ಹಿಡಿದರೆ ವರ್ಷದ ಫಸಲೇ ಹೋಗುತ್ತದೆ, ಯಾವ ಕೃಷಿಕನಾದರೂ ಅದನ್ನೇ ಮಾಡುತ್ತಾನೆ. ಮೂರು ದಿನ ಕಳೆದು ಹಳೆ ಅಡಿಕೆ ಕೊಟ್ಟು ಅಷ್ಟೂ ದುಡ್ಡು ವಾಪಸ್ ಹಾಕಿದರು. ಸ್ಟೇಟ್‌ಮೆಂಟಿನಲ್ಲಿ ಆ ಮೂರು ಸಾಲು ಹಾಗೇ ಉಳಿಯಿತು. ಬೇಕಾದ್ದಕ್ಕಿಂತ 11 ಸಾವಿರ ಕಡಿಮೆ, ಮೂರು ದಿನ. ವೀಸಾ ಸಿಗಲಿಲ್ಲ.

ನೋಡಿ, ಇಲ್ಲಿನ ಸೆಪ್ಟೆಂಬರ್ ಕ್ಲಾಸಿಗೆ ದುಡ್ಡು ಕೂರಿಸಬೇಕಾದ ಹೊತ್ತೂ ನಮ್ಮ ತೋಟಕ್ಕೆ ಮದ್ದು ಬಿಡುವ ಹೊತ್ತೂ ಒಂದೇ. ಅದಕ್ಕೇ ಹೇಳುವುದು, ವೀಸಾದ ದುಡ್ಡಿಗೆ ಬೇರೆಯೇ ಖಾತೆ ಮಾಡಿ. ಆ ಖಾತೆಗೆ ಎಟಿಎಂ ಕಾರ್ಡ್ ಬೇಡ, ಗೂಗಲ್ ಪೇ ಬೇಡ, ಕರೆಂಟ್ ಬಿಲ್ಲು ಬೇಡ. ಮದ್ದಿನ ಖರ್ಚಿಗೆ ಮೊದಲೇ ಬೇರೆ ಕಡೆ ತೆಗೆದಿಡಿ.

ಎಷ್ಟು ಬೇಕು? 2025ರ ನವೆಂಬರ್ 11ರಿಂದ ಇಲ್ಲಿನ ಖರ್ಚಿಗೆಂದು ಲಂಡನ್ನಿನಲ್ಲಿ ತಿಂಗಳಿಗೆ 1,529 ಪೌಂಡ್, ಹೊರಗಡೆ 1,171. ಒಂಬತ್ತು ತಿಂಗಳಿಗಿಂತ ಜಾಸ್ತಿ ತೋರಿಸಬೇಕಾಗಿಲ್ಲ. ಅಂದರೆ 13,761 ಅಥವಾ 10,539 ಪೌಂಡ್, ಜೊತೆಗೆ ಮೊದಲ ವರ್ಷದ ಫೀಯಲ್ಲಿ ಕಟ್ಟಲು ಬಾಕಿ ಇರುವಷ್ಟು. ರೂಪಾಯಿಯನ್ನು ಪೌಂಡಿಗೆ ಬದಲಿಸುವುದು ನೀವು ಅರ್ಜಿ ಹಾಕಿದ ದಿನದ ದರದಲ್ಲಿ. ರೂಪಾಯಿ ಬಿದ್ದರೆ ಸರಿಯಾಗಿದ್ದ ಲೆಕ್ಕವೂ ಕಡಿಮೆಯಾಗುತ್ತದೆ. ಒಂದು ಲಕ್ಷವಾದರೂ ಹೆಚ್ಚಿಗೆ ಇಡಿ. ಚಿನ್ನ, ಶೇರು, ತೋಟದ ತೀರ್ವೆ (ಕಂದಾಯ) ರಶೀದಿ, ಯಾವುದೂ ಲೆಕ್ಕಕ್ಕಿಲ್ಲ. ಬ್ಯಾಂಕಿನ ಎಜುಕೇಶನ್ ಲೋನ್ ಇದ್ದರೆ 28 ದಿನ ಕಾಯಬೇಕಾಗಿಲ್ಲ. ಮಂಜೂರಾತಿ ಪತ್ರ ಆರು ತಿಂಗಳಿಗಿಂತ ಹಳತಾಗಿರಬಾರದು, ಅಷ್ಟೆ. ಮದ್ದಿನ ಕಾಲದಲ್ಲಿ ದುಡ್ಡು ಮುಟ್ಟದೆ ಇರಲು ಆಗದ ಮನೆಯವರಿಗೆ ನಾನು ಲೋನನ್ನೇ ಹೇಳುತ್ತೇನೆ.

ದುಡ್ಡು ವಿದ್ಯಾರ್ಥಿಯ ಹೆಸರಿನಲ್ಲಿರಬೇಕು, ಇಲ್ಲವೇ ತಂದೆ ತಾಯಿಯ ಅಥವಾ ಕಾನೂನಿನ ಪ್ರಕಾರ ಪೋಷಕರಾದವರ ಹೆಸರಿನಲ್ಲಿ. ಸೋದರಮಾವನ ಖಾತೆ, ಅಜ್ಜನ ಖಾತೆ, ಗಲ್ಫಿನಲ್ಲಿರುವ ಅಣ್ಣನ ಖಾತೆ ಆಗದು. ತಂದೆಯದಾದರೆ ಅವರ ಒಪ್ಪಿಗೆ ಪತ್ರ ಮತ್ತು ನಿಮ್ಮ ಜನನ ಪ್ರಮಾಣಪತ್ರ ಬೇಕು. ನಮ್ಮ ಜಿಲ್ಲೆಯವರಿಗೆ ಎರಡನೆಯ ತೊಡಕು ಇಲ್ಲಿದೆ. ಕನ್ನಡದ ಹೆಸರು ಮಲಯಾಳದಲ್ಲಿ ಬರೆದು ಅಲ್ಲಿಂದ ಇಂಗ್ಲಿಷಿಗೆ ಹೋಗುವಾಗ ನಾಯ್ಕ ಎಂಬುದು ನಾಯಿಕ್ ಆಗಿರುತ್ತದೆ, ಭಟ್ಟ ಎಂಬುದು ಭಟ್ ಆಗಿರುತ್ತದೆ. ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಮನೆ ಹೆಸರು. ಊರಿನಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ಇಲ್ಲಿ ಕೂತು ನೋಡುವ ವೀಸಾ ಅಧಿಕಾರಿಗೆ ಅವರು ಇಬ್ಬರು ಬೇರೆ ಬೇರೆ ಜನ. ತಂದೆಯ ಹೆಸರು ಬೇರೆ ಬೇರೆ ಇದ್ದರೆ ಸರ್ಕಾರಿ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರದ ಮೂಲಕ ವಿಲೇಜ್ ಆಫೀಸಿನಿಂದ, ಆ ಹೆಸರುಗಳೆಲ್ಲ ಒಬ್ಬರದೇ ಎನ್ನುವ ‘ಒನ್ ಆ್ಯಂಡ್ ಸೇಮ್’ ಸರ್ಟಿಫಿಕೇಟ್ ಮಾಡಿಸಿ ಜೊತೆಗೆ ಹಾಕಿ. ಜನನ ಪತ್ರದಲ್ಲೇ ತಪ್ಪಿದ್ದರೆ ತಿದ್ದುಪಡಿ ಆಗುವುದು ಹುಟ್ಟಿದ ಜಾಗದಲ್ಲಿ. ನಮ್ಮ ಕಡೆ ಎಷ್ಟೋ ಹೆರಿಗೆ ಆದದ್ದು ಮಂಗಳೂರಿನ ಆಸ್ಪತ್ರೆಗಳಲ್ಲಿ. ಹಾಗಾದರೆ ಪಂಚಾಯತಿಗೆ ಸುಮ್ನೆ ಅಲೆಯಬೇಡಿ, ಮಂಗಳೂರಿನ ಪಾಲಿಕೆಗೆ ಹೋಗಿ. ಮಲಯಾಳದಲ್ಲಿ ಮಾತ್ರ ಇರುವ ಕಾಗದಕ್ಕೆ ಅನುವಾದಕರ ಸಹಿ, ತಾರೀಕು, ವಿಳಾಸ ಇರುವ ಇಂಗ್ಲಿಷ್ ಅನುವಾದ ಬೇಕು.

ಇಲ್ಲಿನದೋ ಊರಿನದೋ, ಯಾವ ವ್ಯವಸ್ಥೆ ಒಳ್ಳೆಯದು ಎಂದು ಕೇಳುತ್ತಾರೆ. ನಿಯಮವನ್ನು ಎಲ್ಲರಿಗೂ ಕಾಣುವಂತೆ ಬರೆದಿಟ್ಟಿರುವುದು ನನಗೆ ಇಲ್ಲಿ ಇಷ್ಟ. ಶಿಫಾರಸು ಬೇಡ, ಯಾರ ಕೈ ಬಿಸಿ ಮಾಡುವುದೂ ಬೇಡ. ಆದರೆ ನಮ್ಮ ವಿಲೇಜ್ ಆಫೀಸಿನಲ್ಲಿ ಒಂದು ಕಾಗದ ಕಡಿಮೆ ಇದ್ದರೆ ‘ನಾಳೆ ತನ್ನಿ’ ಎನ್ನುತ್ತಾರೆ. ಅದು ದೊಡ್ಡ ಉಪಕಾರ ಎಂದು ಇಲ್ಲಿಗೆ ಬಂದ ಮೇಲೆ ಗೊತ್ತಾಯಿತು. ಇಲ್ಲಿ ಕಡಿಮೆ ಇದ್ದ ಕಾಗದವನ್ನು ಅವರು ಕೇಳಬಹುದು, ಕೇಳಲೇಬೇಕೆಂದಿಲ್ಲ. ರಿಜೆಕ್ಟ್ ಆದ ಮೇಲೆ 28 ದಿನದೊಳಗೆ 80 ಪೌಂಡ್ ಕಟ್ಟಿ ಮರುಪರಿಶೀಲನೆ ಕೇಳಬಹುದು. ಅದು ಅಧಿಕಾರಿ ತಪ್ಪಿದ್ದರೆ ಮಾತ್ರ. ತಪ್ಪು ನಮ್ಮದಾದರೆ ಹೊಸ ಅರ್ಜಿಯೇ ದಾರಿ. ಆ ಹೊಸ ಅರ್ಜಿಯಲ್ಲಿ ಹಳೆ ರಿಜೆಕ್ಷನ್ ಇದೆ ಎಂದು ಬರೆಯಲೇಬೇಕು. ‘ಹೇಳದಿದ್ದರೂ ನಡೆಯುತ್ತದೆ’ ಎನ್ನುವ ಏಜೆಂಟನ ಮಾತು ಕೇಳಬೇಡಿ. ಮೋಸ ಎಂದು ಬಿದ್ದರೆ ಹತ್ತು ವರ್ಷ ಈ ದೇಶದ ಬಾಗಿಲು ಮುಚ್ಚುತ್ತದೆ.

ಸಂಸಾರ ಇರುವವರಿಗೆ ಎರಡು ಮಾತು. 2024ರ ಜನವರಿ 1ರಿಂದ ಶುರುವಾದ ಕೋರ್ಸುಗಳಲ್ಲಿ, ಸಾಮಾನ್ಯ ಎಂಎಸ್ಸಿ, ಎಂಬಿಎ ಓದುವವರು ಹೆಂಡತಿ, ಗಂಡ, ಮಕ್ಕಳನ್ನು ಕರೆತರುವಂತಿಲ್ಲ. ಪಿಎಚ್‌ಡಿ ಮತ್ತು ಸಂಶೋಧನೆಯ ಕೋರ್ಸಿನವರು, ಸರ್ಕಾರದ ಸ್ಕಾಲರ್‌ಶಿಪ್‌ ಇರುವವರು ತರಬಹುದು. ‘ಮೊದಲು ಹೋಗು, ಆರು ತಿಂಗಳಲ್ಲಿ ಹೆಂಡತಿ ಬರುತ್ತಾಳೆ’ ಎಂದು ಹೇಳಿ ಕಳಿಸಿದವರನ್ನು ನಾನು ನೋಡಿದ್ದೇನೆ. ಒಬ್ಬ ಹುಡುಗ ತನ್ನ ಮಗುವಿನ ಮೊದಲ ಹೆಜ್ಜೆಯನ್ನು ವಿಡಿಯೋ ಕಾಲಿನಲ್ಲಿ ನೋಡಿದ. ಈ ನಿಯಮ ಕ್ರೂರ ಎಂದೇ ನನಗೆ ಅನ್ನಿಸುತ್ತದೆ, ಆದರೆ ಇದೆ. ವಿಸಿಟ್ ವೀಸಾದಲ್ಲಿ ಬಂದು ಇಲ್ಲೇ ಅದನ್ನು ಬೇರೆ ವೀಸಾಕ್ಕೆ ಬದಲಿಸಲು ಆಗುವುದಿಲ್ಲ.

ಬಾಣಂತನಕ್ಕೆ ಅಮ್ಮ ಬರುವುದಾದರೆ ವಿಸಿಟ್ ವೀಸಾ, ಒಂದು ಸಲಕ್ಕೆ ಆರು ತಿಂಗಳು. ಹೋಗಿ ಬಂದು ಮಾಡುತ್ತ ವರ್ಷವಿಡೀ ಇಲ್ಲೇ ಇರುವಂತೆ ಕಂಡರೆ ಮುಂದಿನ ಸಲ ನಿಲ್ಲಿಸುತ್ತಾರೆ. ಅವರಿಗೆ ಇಲ್ಲಿನ ಆಸ್ಪತ್ರೆ ಉಚಿತ ಅಲ್ಲ. ಬಿಪಿ, ಶುಗರ್ ಇದ್ದರೆ ಅದನ್ನು ಮುಚ್ಚಿಡದೆ ಬರೆದು ಇನ್ಶೂರೆನ್ಸ್ ಮಾಡಿಸಿ. ಇಲ್ಲಿ ಹುಟ್ಟಿದ ಮಗು ತಾನಾಗಿಯೇ ಬ್ರಿಟಿಷ್ ಆಗುವುದಿಲ್ಲ, ತಂದೆ ತಾಯಿಯಲ್ಲಿ ಒಬ್ಬರಾದರೂ ಇಲ್ಲಿನ ಪ್ರಜೆ ಅಥವಾ ಕಾಯಂ ನಿವಾಸಿ ಆಗಿರಬೇಕು.

ಬಂದ ಮೇಲಿನ ಒಂದು ವಿಷಯ ಉಳಿಯಿತು. ಡಿಗ್ರಿ ಓದುವವರಿಗೆ ಕ್ಲಾಸಿನ ಅವಧಿಯಲ್ಲಿ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. ಆದರೆ ಸ್ವಂತ ದುಡಿಮೆ ಎಂದು ಲೆಕ್ಕವಾಗುವ ಕೆಲಸ ಒಂದು ಗಂಟೆಯೂ ಆಗದು. ಆ್ಯಪ್ ಹಾಕಿಕೊಂಡು ಸೈಕಲಿನಲ್ಲಿ ಊಟ ಹಂಚುವುದು ಆ ಲೆಕ್ಕಕ್ಕೇ ಬರುತ್ತದೆ. ಆ ಆ್ಯಪಿನಲ್ಲಿ ಬೇರೆಯವರ ಅಕೌಂಟ್ ಬಾಡಿಗೆಗೆ ಕೊಡುತ್ತೇವೆ ಎಂದು ನಮ್ಮ ಊರಿನ ಹುಡುಗರೇ ಬಂದು ಹೇಳಬಹುದು. ಅದಕ್ಕೆ ಒಪ್ಪಬೇಡಿ, ಅಂಗಡಿಯಲ್ಲೋ ಗೋದಾಮಿನಲ್ಲೋ ಸಂಬಳದ ಚೀಟಿ ಕೊಡುವ ಕೆಲಸ ಸಿಗುವವರೆಗೆ ಕಾಯಿರಿ. ಖರ್ಚಿಗೆ ಕಷ್ಟವಾದರೆ ಯೂನಿವರ್ಸಿಟಿಯ ವಿದ್ಯಾರ್ಥಿ ಕಚೇರಿಯಲ್ಲಿ ಹೋಗಿ ಕೇಳಿ. ಅಲ್ಲಿ ಎದುರಿಗೆ ಒಬ್ಬ ಮನುಷ್ಯ ಕೂತಿರುತ್ತಾನೆ.